ಬಾರಿಗಿಡದ ಹಸಿರು ಚಿಂದಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಿಳಿಜೋಳದ ಹೊಲ ಮುಗಿದು ಕಲ್ಲುಭೂಮಿ ಶುರುವಾಗುವ ಕಡೆ ಒಬ್ಬ ಹುಡುಗಿ ಮಂಡಿಯೂರಿ ಕುಳಿತಿದ್ದಾಳೆ. ದುಪಟ್ಟಾ ಮೂಗಿಗೆ ಸುತ್ತಿದ್ದಾಳೆ. ಐಸ್‌ಕ್ರೀಮ್ ಕಡ್ಡಿಯಿಂದ ಒಣಗಿದ ಹಿಕ್ಕೆಯೊಂದನ್ನು ಮೆಲ್ಲಗೆ ಎತ್ತಿ ಕಾಗದದ ಚೀಲಕ್ಕೆ ಹಾಕಿ, ಮೇಲೆ ತಾರೀಖು ಬರೆಯುತ್ತಾಳೆ. ಬರೆಯುವ ಮೊದಲೊಮ್ಮೆ, ಬರೆದ ಮೇಲೊಮ್ಮೆ ಹಿಂತಿರುಗಿ ನೋಡುತ್ತಾಳೆ. ಹಿಂದೆ ಯಾರೂ ಇಲ್ಲ. ಆದರೂ ಇನ್ನೊಮ್ಮೆ ನೋಡುತ್ತಾಳೆ.

“ತೋಳಕ್ಕ ನಾ ಅಂಜಂಗಿಲ್ರಿ,” ಎನ್ನುತ್ತಾಳೆ ಜೀನತ, ಪಿಸುದನಿಯಲ್ಲಿ. “ಅದು ನನ್ನ ಕಂಡ್ರ ತಾನ ಓಡಿ ಹೋಗತೈತಿ. ನನ್ನ ಹಿಂದ ಮಂದಿ ಬಂದ್ರ ಹ್ಯಾಂಗ ಅಂತ ಅಂಜಿಕಿ.”

ಜೀನತ ಆನ್ವಯಿಕ ಪರಿಸರ ವಿಜ್ಞಾನ ಮತ್ತು ವನ್ಯಜೀವಿ ನಿರ್ವಹಣೆಯಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. ಎರಡನೆಯ ವರ್ಷ ಪೂರ್ತಿ ಬಯಲಿನ ಕೆಲಸ. ಜೊತೆಯವರೆಲ್ಲ ಹುಲಿಯ ಕಾಡು, ಆನೆಯ ಕಾಡು ಹುಡುಕಿಕೊಂಡು ಹೋದರು. ಇವಳು ತನ್ನೂರು ಮಾದನಹಿಪ್ಪರಗಾಕ್ಕೆ ಬಸ್ಸು ಹತ್ತಿ ಬಂದಳು. “ಹುಲಿ ನೋಡಾಕ ಭಾಳ ಮಂದಿ ಅದಾರ್ರಿ. ನಮ್ಮ ಕಡಿ ತೋಳಕ್ಕ ಯಾರದಾರ?” ಆಳಂದದ ಕಲ್ಲುಬಯಲು, ಅಫಜಲಪುರದ ಭೀಮಾ ದಂಡೆ, ಜೇವರ್ಗಿಯ ಎರೆ ಹೊಲ, ಇವಿಷ್ಟರಲ್ಲೂ ತೋಳ ಎಲ್ಲಿ ತಿರುಗುತ್ತದೆ, ಏನು ತಿನ್ನುತ್ತದೆ ಎಂಬುದು ಅವಳ ಅಧ್ಯಯನ. ನಿಜವಾಗಿಯೂ ಕುರಿಯನ್ನೇ ತಿಂದು ಬದುಕುತ್ತದೋ, ಮೊಲ ಹೆಗ್ಗಣಗಳೇ ಹೆಚ್ಚೋ? ಹಿಕ್ಕೆ ತೊಳೆದು ಒಳಗಿನ ಕೂದಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗೊತ್ತಾಗುತ್ತದೆ.

ತೊಳೆಯುವುದು ಮನೆಯ ಹಿತ್ತಲಲ್ಲಿ. ತಾಯಿ ಖಾಸೀಂಬಿ ಹೊಲಿಗೆ ಮಾಡುತ್ತಾರೆ, ತಂದೆ ಮಸೂದ ಆಳಂದದ ಮಾರ್ಕೆಟ್ಟಿನಲ್ಲಿ ತೊಗರಿ ಚೀಲ ಹೊರುವ ಹಮಾಲರು. ಜೀನತಳ ಬಗ್ಗೆ ಬರೆಯಲೆಂದು ನಾನು ಹೋದ ದಿನ ಖಾಸೀಂಬಿ ಮಷಿನ್ನಿನಿಂದ ತಲೆ ಎತ್ತದೆ ಹೇಳಿದರು: “ಮಂದಿ ಮಕ್ಕಳು ಶಹರಕ್ಕ ಹೋಗಿ ಸರ್ಟಿಫಿಕೇಟ್ ತರತಾರ್ರಿ. ನನ್ನ ಮಗಳು ತೋಳದ ಹೇಲು ತರತಾಳ.” ಹಿತ್ತಲಿನ ಹಗ್ಗದ ಮೇಲೆ, ಹಿಕ್ಕೆ ತುಂಬಿ ತೊಳೆಯುವ ಸೊಳ್ಳೆಪರದೆಯ ಪುಟ್ಟ ಚೀಲಗಳು ಸಾಲಾಗಿ ಒಣಗುತ್ತಿದ್ದವು. ಒಂದೊಂದಕ್ಕೂ ದಾರ ಎಳೆದರೆ ಬಾಯಿ ಮುಚ್ಚುವಂತೆ ಅಂಚು ಹೊಲಿದಿತ್ತು. ಯಾರು ಹೊಲಿದದ್ದು ಎಂದು ನಾನು ಕೇಳಲಿಲ್ಲ. ಆ ಹೊಲಿಗೆ ಖಾಸೀಂಬಿಯವರ ಮಷಿನ್ನಿನದೇ.

ಮುಂಜಾನೆ ಬಯಲು, ಮಧ್ಯಾಹ್ನ ತಾಯಿಯ ಜೊತೆ ಜಂಪರಿಗೆ ಹುಕ್ಕು ಹಚ್ಚುವುದು, ಸಂಜೆ ಲ್ಯಾಪ್‌ಟಾಪಿನ ಮುಂದೆ ಕೂರುವುದು. ಈ ದಿನಚರಿ ನೆಮ್ಮದಿಯಿಂದಲೇ ನಡೆದಿತ್ತು, ಮಾಗಿಯ ಚಳಿ ಹಿಡಿಯುವ ತನಕ. ಆಗ ಒಂದು ಹಳ್ಳದ ದಂಡೆಯಲ್ಲಿ ಅವಳಿಗೆ ಬಿಲ ಕಂಡಿತು. ಅದರ ಬಾಯಲ್ಲಿ ನಾಲ್ಕು ಮರಿ. ನರೋಣಾದ ಆಚೆ ಎಂದಷ್ಟೇ ಬರೆಯುತ್ತೇನೆ. ಊರಿನ ಹೆಸರು ಬೇಡವೆಂದು ಜೀನತ ಕೈಹಿಡಿದು ಕೇಳಿಕೊಂಡಿದ್ದಾಳೆ.

ಕೇಳಿಕೊಳ್ಳಲು ಕಾರಣವಿದೆ. ಆ ಬಯಲಿನಲ್ಲಿ ಕುರಿ ಮೇಯಿಸುವ ಕಲ್ಲಿನಾಥ ಒಳ್ಳೆಯ ಮನುಷ್ಯ. ಬಿಸಿಲಿನಲ್ಲಿ ಅಲೆಯುವ ಈ ಹುಡುಗಿಯನ್ನು ಕರೆದು ಕೂರಿಸಿ, ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು, ಶೇಂಗಾ ಹಿಂಡಿಯ ಚಟ್ನಿಪುಡಿ ಹಾಕಿ ಕೊಟ್ಟವನು. ಕೊಡುತ್ತಲೇ ಒಂದು ದಿನ ಹೇಳಿದ: “ತಂಗಿ, ನೀ ದಿನಾ ತಿರುಗಾಕಿ. ಅದರ ಬಿಲ ಎಲ್ಲೆರ ಕಂಡ್ರ ನನಗ ಹೇಳು. ಬಾಯಿಗಿ ಮುಳ್ಳು ಜಡದು ಹೊಗಿ ಹಾಕತೇವಿ. ಎರಡು ಮರಿ ಒಯ್ದೈತಿ ಅದು ನಂದು.” ಸಿಟ್ಟಿನಿಂದ ಹೇಳಲಿಲ್ಲವಂತೆ. ಹೊಲಕ್ಕೆ ಬೇಲಿ ಹಾಕುತ್ತೇವೆ ಎಂದಷ್ಟೇ ಸಹಜವಾಗಿ ಹೇಳಿದ. ಬಿಲವನ್ನು ಆಗಲೇ ನೋಡಿದ್ದ ಜೀನತ ಉಳಿದ ರೊಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಅರಣ್ಯ ಇಲಾಖೆಗೆ ತಿಳಿಸಬಾರದಿತ್ತೇ ಎಂದು ಕೇಳಿದೆ. “ಜೀಪ್ ಬಂದ್ರ ಅದರ ಹಿಂದ ಊರಿಗಿ ಊರ ಬರತೈತ್ರಿ,” ಎಂದಳು.

ಬಿಲದ ಹತ್ತಿರ ಹೋಗಬಾರದು, ದೂರದಲ್ಲಿ ಪ್ರತಿದಿನ ಒಂದೇ ಜಾಗದಲ್ಲಿ ನಿಂತು ದುರ್ಬೀನಿನಲ್ಲಿ ನೋಡಬೇಕು ಎಂದು ಅವಳ ಮಾರ್ಗದರ್ಶಕರು ಫೋನಿನಲ್ಲಿ ಹೇಳಿದರು. ಮೊಬೈಲಿನ ನಕಾಶೆ ಆ ಬಯಲಿನಲ್ಲಿ ಹತ್ತು ಮಾರು ಅತ್ತಿತ್ತ ತೋರಿಸುತ್ತದೆ. ಹೀಗಾಗಿ ನಿಲ್ಲುವ ಜಾಗಕ್ಕೆ ಗುರುತು ಬೇಕಾಯಿತು. ದಿಬ್ಬದ ಮೇಲೆ ಒಂಟಿಯಾಗಿ ಒಂದು ಬಾರಿಗಿಡವಿತ್ತು, ಬೋರೆಹಣ್ಣಿನ ಮುಳ್ಳುಗಿಡ. ತಾಯಿಯ ಮಷಿನ್ನಿನ ಕೆಳಗೆ ಬಿದ್ದಿದ್ದ ಹಸಿರು ಬಟ್ಟೆಯ ಚಿಂದಿಯೊಂದನ್ನು ಒಯ್ದು ಅದರ ಟೊಂಗೆಗೆ ಕಟ್ಟಿದಳು.

“ಹೊರಗಿನವರು ಕಟ್ಟಿದ್ರ, ತಿಳೀಲಾರದ ಕಟ್ಟ್ಯಾರ ಅನಬಹುದಿತ್ರಿ. ನಾ ಇಲ್ಲೇ ಹುಟ್ಟಾಕಿ. ನಮ್ಮ ಕಡಿ ಒಂಟಿ ಗಿಡಕ್ಕ ಅರಿವಿ ಕಟ್ಟಿದ್ರ ಏನಾಗತೈತಿ ಅಂತ ನನಗ ಗೊತ್ತಿರಬೇಕಿತ್ತು.”

ನಾಲ್ಕನೆಯ ದಿನ ಹಸಿರು ಚಿಂದಿಯ ಪಕ್ಕದಲ್ಲಿ ಒಂದು ಹಳದಿ ಚಿಂದಿ. ಆಮೇಲೆ ಒಂದು ಕೆಂಪು. ಬುಡದಲ್ಲಿ ಕುಂಕುಮ, ಊದಿನಕಡ್ಡಿಯ ಬೂದಿ, ಒಡೆದ ಕಾಯಿಯ ಚಿಪ್ಪು. ಹಸಿರನ್ನು ಕಂಡವರು ಯಾವುದೋ ಪೀರರ ಜಾಗ ಎಂದರು, ಕುಂಕುಮ ಕಂಡವರು ನಮ್ಮವ್ವನ ಜಾಗ ಎಂದರು. ಜಗಳವೇನೂ ಇಲ್ಲ, ಇಬ್ಬರೂ ಕಟ್ಟಿದರು. ಗಾಣಗಾಪುರದ ಕಡೆ ಹೊರಟ ಯಾತ್ರಿಕರು ಕೂಡ ಬಸ್ಸಿಳಿದು ಕೈಮುಗಿದು ಹೋದರಂತೆ. ರಸ್ತೆಯಿಂದ ಗಿಡದವರೆಗೆ ಹುಲ್ಲು ಸವೆದು ಕಾಲುದಾರಿಯಾಯಿತು. ಗಿಡದ ಬಳಿ ನಿಂತರೆ ಎದುರಿಗೇ ಹಳ್ಳ. ಮುಂಜಾನೆ ಯಾರಾದರೂ ಸ್ವಲ್ಪ ಹೊತ್ತು ನಿಂತರೂ ಸಾಕು, ಬೇಟೆ ಮುಗಿಸಿ ಬರುವ ತಾಯಿತೋಳ ಕಣ್ಣಿಗೆ ಬೀಳುತ್ತದೆ.

ಅಷ್ಟರಲ್ಲಿ ಮಾತು ಹಬ್ಬಿತು: ಈ ಸಲ ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯ ದಿನ, ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಿದ ಮೇಲೆ ಊಟ ಬಾರಿಗಿಡದ ಹತ್ತಿರವೇ. ಭಜ್ಜಿ, ಸಜ್ಜೆ ರೊಟ್ಟಿ, ಕಡಬು ಕಟ್ಟಿಕೊಂಡು ಊರೇ ಬರುತ್ತದೆ. ಹಿರಿಯರು ಉಣ್ಣುತ್ತಾರೆ, ಮಕ್ಕಳು ಹಳ್ಳಕ್ಕೆ ಇಳಿಯುತ್ತವೆ. ಇಳಿದ ಮಗುವನ್ನು ತಾಯಿತೋಳ ಹೆದರಿ ಕಚ್ಚಬಹುದು. ಕಚ್ಚದೇ ಇದ್ದರೂ ಸಂಜೆಯೊಳಗೆ ಬಿಲದ ಬಾಯಿಗೆ ಮುಳ್ಳು ಬೀಳುವುದು ಖಂಡಿತ.

“ಬಿಚ್ಚಿ ಒಗೀಬೇಕಂತ ಹೋದೆರಿ. ಕೈ ಏಳಲಿಲ್ಲ. ಯಾರರೆ ನೋಡಿದ್ರ? ಸಾಬರ ಹುಡುಗಿ ಹರಕಿ ಅರಿವಿ ಬಿಚ್ಚಿದಳು ಅಂತಾರ. ಅಲ್ಲಿಗಿ ಮುಗೀತಲ್ರಿ. ನಮ್ಮ ಅಪ್ಪ ಮಾರ್ಕೆಟ್ನಾಗ ಎಲ್ಲಾರ ಜೋಡಿ ಚೀಲ ಹೊರಬೇಕು.” ಆ ವಾರ ಖಾಸೀಂಬಿ ಮಷಿನ್ನಿನ ಸೂಜಿ ಮತ್ತೆ ಮತ್ತೆ ಮುರಿದುಕೊಂಡರು. “ಬೇಟಾ, ಓದು ಸಾಕು. ಮನ್ಯಾಗ ಕುಂದ್ರು,” ಎಂದರು. ಆದರೂ ಮುಂಜಾನೆ ಅವಳ ಚೀಲದಲ್ಲಿ ಬುತ್ತಿ ಇಟ್ಟಿರುತ್ತಿದ್ದರು.

ಎಳ್ಳಮಾಸಿ ಹತ್ತಿರ ಬಂದಿದ್ದಾಗ, ಒಂದು ಮಂಜಿನ ಮುಂಜಾನೆ, ಜೀನತಳಿಗಿಂತ ಮೊದಲೇ ಗಿಡದ ಬಳಿ ಒಬ್ಬ ಮುದುಕಿ ಕೂತಿದ್ದಳು. ಆ ಊರಿನ ಸುಮಿತ್ರಾಬಾಯಿ. ಸೊಸೆಗೆ ಏಳು ತಿಂಗಳು, ಹಿಂದೆ ಎರಡು ಬಸಿರು ನಿಂತಿರಲಿಲ್ಲ. ಹಳದಿ ಚಿಂದಿ ಅವಳದು.

“ನಿಂದು ಯಾವುದು ಬೇ?” ಎಂದು ಮುದುಕಿ ಕೇಳಿದಳು.

ಜೀನತ ಹಸಿರನ್ನು ತೋರಿಸಿದಳು.

“ಹಾಂ! ಎಲ್ಲಾರಿಗಿಂತ ಮೊದಲಿಂದು. ಯಾರ ಸಲುವಾಗಿ ಕಟ್ಟಿದಿ? ಲಗ್ನ ಆಗಲಿ ಅಂತೇನು?”

ಜೀನತಳ ಕಣ್ಣು ಬೇರೆ ಕಡೆ ಹೋಯಿತು. ಮುದುಕಿಯ ಹೆಗಲಾಚೆ ಮಂಜಿನಲ್ಲಿ ತಾಯಿತೋಳ ಬರುತ್ತಿತ್ತು, ಬಾಯಲ್ಲಿ ಮೊಲ. ಇವಳ ಮುಖ ನೋಡಿ ಮುದುಕಿಯೂ ತಿರುಗಿದಳು. ತೋಳ ನಿಂತಿತು. ನೋಡಿತು. “ನನ್ನ ಎದಿ ಹೊಡಕೊಳ್ಳೋದು ಅದಕ್ಕ ಕೇಳಸತೈತಿ ಅನಸ್ತು,” ಎನ್ನುತ್ತಾಳೆ ಜೀನತ. ಮುದುಕಿ ಚೀರಿದರೆ ಕಲ್ಲಿನಾಥ ಕೇಳುವಷ್ಟು ದೂರದಲ್ಲೇ ಇದ್ದ, ಅವನ ಕುರಿಗಳ ಗಂಟೆ ಕೇಳುತ್ತಿತ್ತು. ಸುಮಿತ್ರಾಬಾಯಿ ಚೀರಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು, ಇನ್ನೊಂದು ಕೈಯಿಂದ ಹುಡುಗಿಯ ಮಣಿಕಟ್ಟನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದಳು. ಹಳ್ಳದಿಂದ ಮರಿಗಳ ಕುಂಯ್‌ಗುಟ್ಟುವ ದನಿ ಬಂತು. ತೋಳ ತಲೆ ತಗ್ಗಿಸಿ ದಂಡೆ ಇಳಿಯಿತು.

ಸೆರಗನ್ನು ಬಾಯಿಂದ ತೆಗೆದು ಮುದುಕಿ ಕೇಳಿದಳು, “ಬಾಣಂತಿ ಏನದು?”

“ಹೌದ್ರಿ ಆಯಿ.”

ಜೀನತ ಎಲ್ಲವನ್ನೂ ಹೇಳಿಬಿಟ್ಟಳು. ಹಸಿರು ಚಿಂದಿ ಹರಕೆಯದಲ್ಲ, ಗುರುತಿನದು. ಇಲ್ಲಿ ಯಾವ ದೇವರೂ ಇಲ್ಲ. ಬೈಗುಳಕ್ಕೆ ಕಾದಳು. ಸುಮಿತ್ರಾಬಾಯಿ ಮಣಿಕಟ್ಟು ಬಿಟ್ಟು, ಅಲ್ಲಿ ಮೂಡಿದ್ದ ಬಳೆಯ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು.

“ದೇವರಿಲ್ಲ ಅಂತ ಹೇಳಾಕಿ ನೀ ಯಾರು ಬೇ? ಕಟ್ಟಾಕಿ ನೀನಾದ್ರೂ ಬೇಡಕೊಂಡಾಕಿ ನಾ. ಆದ್ರ ಬಾಣಂತಿ ಖೋಲಿ ಮುಂದ ಮಂದಿ ಗದ್ದಲ ಮಾಡಬಾರದು. ತಡಿ.”

ತನ್ನ ಹಳದಿ ಚಿಂದಿಯನ್ನು ಬಿಚ್ಚಿದಳು. ಗಿಡದ ಬುಡದಿಂದ ಒಂದು ಹಿಡಿ ಮಣ್ಣನ್ನು ಸೆರಗಿನ ಉಡಿಯಲ್ಲಿ ಕಟ್ಟಿಕೊಂಡಳು. ಗಂಗೆಯನ್ನಾಗಲಿ, ದೇವಿಯನ್ನಾಗಲಿ ಹೆಣ್ಣುಮಕ್ಕಳು ಉಡಿಯಲ್ಲಿ ಕರೆದುಕೊಂಡು ಬರುವುದು ನಮ್ಮ ಸೀಮೆಗೆ ಹೊಸದಲ್ಲ. ಹಾಗೆಯೇ ನಡೆದು ಬಂದು, ರಸ್ತೆಬದಿಯ ಬೇವಿನ ಬುಡದಲ್ಲಿ ಆ ಮಣ್ಣು ಸುರಿದು, ಚಿಂದಿಯನ್ನು ಬೇವಿಗೆ ಕಟ್ಟಿದಳು. ಕೇಳಿದವರಿಗೆಲ್ಲ ಒಂದೇ ಮಾತು: “ಅಲ್ಲಿ ಮುಳ್ಳು ಭಾಳ. ನಮ್ಮ ಸೊಸಿ ಬಸಿರು, ಅಲ್ಲಿತನಕ ಹ್ಯಾಂಗ ನಡೀತಾಳ? ಉಡ್ಯಾಗ ತಂದೇನಿ, ಇಲ್ಲೇ ಕಟ್ರಿ.” ಒಂದೂ ಸುಳ್ಳಲ್ಲ. ಮರುದಿನ ಮುಮತಾಜ ಎಂಬಾಕೆ ತನ್ನದನ್ನು ಬಿಚ್ಚಿ ತಂದಳು. ಮತ್ತೊಬ್ಬಳು ತಂದಳು. ಎಳ್ಳಮಾಸಿಯ ಊಟ ಬೇವಿನ ನೆರಳಲ್ಲೇ ನಡೆಯಿತು. ಸುಮಿತ್ರಾಬಾಯಿ ಒಂದು ಎಲೆಯಲ್ಲಿ ಭಜ್ಜಿ, ಕಡಬು ಕಟ್ಟಿ, ಸ್ವಂತ ಮೊಮ್ಮಗಳಿಗೆ ಕೊಟ್ಟ ಹಾಗೆ ಜೀನತಳ ಚೀಲಕ್ಕೆ ತುರುಕಿದಳು.

ಅಂಜಿಕೆ ಅಷ್ಟಕ್ಕೇ ಮುಗಿಯಲಿಲ್ಲ. ಊಟದ ನಡುವೆ ಕಲ್ಲಿನಾಥ ಎದ್ದು ದಿಬ್ಬದ ಕಡೆ ಹೋದ. ಬಾರಿಗಿಡದ ಬಳಿ ನಿಂತು ಹಳ್ಳವನ್ನು ನೋಡಿದ. ಬಗ್ಗಿ ನೆಲ ನೋಡಿದ. ಮರಳಿ ಬಂದು ಜೀನತಳ ಎದುರು ಕೂತು ಕೇಳಿದ: “ಏನ್ ತಂಗಿ, ದೇವರು ಯಾಕ ಎದ್ದು ಬಂದ ಅಲ್ಲಿಂದ?”

ಸುಮಿತ್ರಾಬಾಯಿಯೇ ಉತ್ತರಿಸಿದಳು. “ದೇವರಿಗಿ ಪಂಚನಾಮಿ ಮಾಡಾಂವ ಆದಿ ಏನಲೇ? ಸುಮ್ನ ಉಣ್ಣು. ಕಡಬು ಹಾಕಲೇನು ಇನ್ನೊಂದು?”

ಎಲ್ಲರೂ ನಕ್ಕರು. ಕಲ್ಲಿನಾಥ ನಗಲಿಲ್ಲ.

ಮರುದಿನ ಬೆಳಕಾಗುವುದರೊಳಗೆ ಜೀನತ ಹಳ್ಳ ಸೇರಿದ್ದಳು. ಬಿಲ ಖಾಲಿಯಾಗಿತ್ತು. ಅಲ್ಲಿಯವರೆಗೆ ಎಂದೂ ಹತ್ತಿರ ಹೋಗದವಳು ಅಂದು ಅದರ ಬಾಯಿಯ ಮುಂದೆ ಕೈ ಮೊಣಕಾಲೂರಿ ತೆವಳಿ ಬೂದಿ ಹುಡುಕಿದಳು, ಮುಳ್ಳು ಹುಡುಕಿದಳು, ರಕ್ತ ಹುಡುಕಿದಳು. ಮಣ್ಣನ್ನು ಮೂಸಿ ನೋಡಿದಳು. ಹೊಗೆಯ ವಾಸನೆ ಇರಲಿಲ್ಲ. ಹಳ್ಳದ ಮರಳಿನಲ್ಲಿ ದೊಡ್ಡ ಹೆಜ್ಜೆಗಳ ಪಕ್ಕ ಪುಟ್ಟ ಹೆಜ್ಜೆಗಳು ಸ್ವಲ್ಪ ದೂರ ಹೋಗಿ ಕಲ್ಲುಭೂಮಿಯಲ್ಲಿ ಅಳಿದುಹೋಗಿದ್ದವು. ಗದ್ದಲವಾದರೆ ತಾಯಿತೋಳ ಮರಿಗಳನ್ನು ಬೇರೆ ಕಡೆ ಸಾಗಿಸುವುದುಂಟು. ನಾಲ್ಕೂ ಹೋದವೋ, ಎಷ್ಟು ಹೋದವೋ ಹೆಜ್ಜೆ ನೋಡಿ ಹೇಳಲಾಗಲಿಲ್ಲ.

ಮೇಲೆ ದಂಡೆಯಲ್ಲಿ ಕಲ್ಲಿನಾಥ ನಿಂತಿದ್ದ, ಹೆಗಲ ಮೇಲೆ ಕಂಬಳಿ. ಎಷ್ಟು ಹೊತ್ತಿನಿಂದ ನಿಂತಿದ್ದನೋ. “ಹೊಗಿ ಹಾಕಿಲ್ಲ ತಂಗಿ,” ಎಂದ. “ಎಳ್ಳಮಾಸಿ ದಿನ ಬ್ಯಾಡ ಅನಸ್ತು. ಕುರಿ ಭೀಮಾ ದಂಡಿ ಕಡಿ ಹೊಡಕೊಂಡು ಹೊಂಟೇನಿ. ಮುಂದ ಕಂಡ್ರ ಮಾತ್ರ ಬಿಡಂಗಿಲ್ಲ, ಹೇಳಿರತೇನಿ.” ಹೋಗುವಾಗ ನೆಲಕ್ಕೆ ಬಿದ್ದಿದ್ದ ಅವಳ ದುಪಟ್ಟಾವನ್ನು ಕೋಲಿನಿಂದ ಎತ್ತಿ ಕೊಟ್ಟು ಹೋದ.

ಈಗ ಜೀನತಳ ಪ್ರಬಂಧದ ಬರವಣಿಗೆ ನಡೆದಿದೆ. ಬಿಲದ ಅಧ್ಯಾಯ ಅರ್ಧಕ್ಕೆ ನಿಂತಿದೆ. ಹಿಕ್ಕೆಗಳ ಅಧ್ಯಾಯದಲ್ಲಿ ಮೊಲದ ಕೂದಲಿದೆ, ಕುರಿಯ ಕೂದಲೂ ಇದೆ. ಎರಡನ್ನೂ ಇದ್ದ ಹಾಗೆಯೇ ಬರೆಯುತ್ತಿದ್ದಾಳೆ. “ಕಲ್ಲಿನಾಥ ಕಾಕಾ ಸುಳ್ಳು ಹೇಳಿದ್ದಿಲ್ರಿ. ಅವರಿಗಿ ಪರಿಹಾರ ಸಿಗಬೇಕಂದ್ರ ಅದೂ ಬರೀಬೇಕು.” ಬಯಲಿನಲ್ಲಿ ಅವಳು ಈಗ ಎಲ್ಲಿಯೂ ಏನನ್ನೂ ಕಟ್ಟುವುದಿಲ್ಲ. ಕಲ್ಲು ನೋಡಿ ಜಾಗ ನೆನಪಿಟ್ಟುಕೊಳ್ಳುತ್ತಾಳೆ.

ಕೆಲಸ ಮುಗಿಸಿ ರಸ್ತೆಗೆ ಬರುತ್ತೇವೆ. ಬೇವಿನ ಕೆಳಗೆ ಬಸ್ಸಿಗೆ ಕಾಯುವಾಗ ನನ್ನ ಕಣ್ಣು ಟೊಂಗೆಗಳ ಮೇಲೆ ಹೋಗುತ್ತದೆ. ಹಳದಿ, ಕೆಂಪು, ಬಿಳಿ ಚಿಂದಿಗಳ ನಡುವೆ, ಎಲ್ಲಕ್ಕಿಂತ ಕೆಳಗೆ, ಬಿಸಿಲಿಗೆ ಬಣ್ಣ ಹೋದ ಒಂದು ಹಸಿರು ಚಿಂದಿ. ಬಾರಿಗಿಡದಲ್ಲಿ ಕೊನೆಗೆ ಉಳಿದಿದ್ದು ಅದೊಂದೇ. ಅದನ್ನು ಬಿಚ್ಚುವ ಹಕ್ಕು ಬೇರೆ ಯಾರಿಗೂ ಇರಲಿಲ್ಲ.

“ಈ ಸಲ ಗುರುತಿಗಿ ಕಟ್ಟಿಲ್ರಿ,” ಎನ್ನುತ್ತಾಳೆ ಜೀನತ, ಬಂದ ದಾರಿಯನ್ನು ಮತ್ತೊಮ್ಮೆ ತಿರುಗಿ ನೋಡಿ. “ತಿಂಗಳುಗಟ್ಟಲೆ ತೋಳ ಸಿಗಲಿ ಸಿಗಲಿ ಅಂತ ಹುಡುಕೇನಿ. ಈಗ ಯಾರ ಕಣ್ಣಿಗೂ ಬೀಳಬಾರದು ಅಂತ ಬೇಡಕೊಂಡೇನಿ. ನನ್ನ ಕಣ್ಣಿಗೂ.”