ಎಡಗಡೆಯ ಸೀಟು

ಮರಾಠಿ ಸೀಮೆಯಲ್ಲಿ, ಖಡಕಿಯ ಬಜಾರಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದಾಗ ನಾನೊಂದು ಕಾರು ಕಟ್ಟಿದೆ. ಕೊಂಡೆ ಅಂತ ಹೇಳಿದ್ದರೆ ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಕಟ್ಟಿದೆ ಅಂದರೆ ಎಲ್ಲರೂ ಒಮ್ಮೆ ನನ್ನ ಮುಖ ನೋಡುತ್ತಾರೆ. ತೊಂಬತ್ತರ ದಶಕದ ನಡುವಿನ ಮಾತು. ಭೋಸರಿಯ ಕಡೆ ಒಬ್ಬರು ಫೈಬರಿನಲ್ಲಿ ಕಾರಿನ ಮೈ ಮಾಡಿ ಬಿಡಿಬಿಡಿಯಾಗಿ ಮಾರುತ್ತಿದ್ದರು. ಎರಡೇ ಸೀಟಿನ, ಮೇಲೆ ಚಾವಣಿಯಿಲ್ಲದ ಪುಟ್ಟ ಕಾರು. ಬಾಗಿಲು, ಗಾಜು, ಸೀಟು, ಒಂದು ಚೀಲದ ತುಂಬ ನಟ್ಟು ಬೋಲ್ಟು ಮತ್ತು ಜೋಡಿಸುವ ಬಗೆ ತೋರಿಸುವ ನಕ್ಷೆ ಅವರು ಕೊಡುತ್ತಿದ್ದರು. ಚಾಸಿ, ಎಂಜಿನ್ನು, ಚಕ್ರಗಳನ್ನು ನಾವೇ ಒಂದು ಹಳೆಯ ಕಾರಿನಿಂದ ಬಿಚ್ಚಿ ತರಬೇಕು.

ನಾನು ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಹಗಲೆಲ್ಲ ಬೇರೆಯವರ ಯಂತ್ರಗಳ ನಕ್ಷೆ ಬರೆಯುವ ಕೆಲಸ. ನಕ್ಷೆ ಕಂಡರೆ ನನಗೆ ಹಸಿವೆ ನೀರಡಿಕೆ ಮರೆತುಹೋಗುತ್ತದೆ. ಆದರೆ ಕಾರಿನ ಹುಚ್ಚು ಹತ್ತಿದ್ದು ನಕ್ಷೆಯಿಂದಲ್ಲ, ಹೆಂಡತಿಯ ಒಂದು ಮಾತಿನಿಂದ. ಒಂದು ಮಳೆಗಾಲದ ರವಿವಾರ ಇಬ್ಬರೂ ಲೋಣಾವಳಾಕ್ಕೆ ಹೋಗಿದ್ದೆವು. ಬರುವಾಗ ಲೋಕಲ್ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒದ್ದೆ ಬಟ್ಟೆಯಲ್ಲಿ, ಅವಳು ಆ ಬಾಗಿಲ ಹತ್ತಿರ, ನಾನು ಈ ಬಾಗಿಲ ಹತ್ತಿರ ನಿಂತು ಬಂದೆವು. ಚಿಕ್ಕಿಯ ಪೊಟ್ಟಣ ಅವಳ ಕೈಯಲ್ಲಿ ಪುಡಿಪುಡಿಯಾಗಿತ್ತು. ಖಡಕಿಯಲ್ಲಿ ಇಳಿದ ಮೇಲೆ ಅವಳು ಸೆರಗು ಹಿಂಡುತ್ತ ಹೇಳಿದಳು, "ನಮ್ಮದ ಅಂತ ಒಂದ ಗಾಡಿ ಇದ್ದಿದ್ರ ಬಾಜೂಕ ಬಾಜೂ ಕೂತು ಮಾತಾಡ್ಕೋತ ಬರ್ತಿದ್ವಿ ನೋಡ್ರಿ."

ದಣಿದವರು ಆಡುವ ಮಾತು ಅದು. ಬಿಸಿ ಚಹಾ ಮಾಡಿಕೊಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಚಹಾ ಮಾಡಲಿಲ್ಲ, ನಕ್ಷೆ ತಂದೆ.

ಆಮೇಲಿನ ಎರಡು ವರ್ಷ ನಮ್ಮ ಮನೆಗೆ ಕಾರು ಬಂತು ಅನ್ನುವುದಕ್ಕಿಂತ ಕಾರಿನೊಳಗೆ ನಾವು ಹೋಗಿ ಸೇರಿಕೊಂಡೆವು ಅನ್ನುವುದೇ ಸರಿ. ಚಾಸಿ ಹಿತ್ತಿಲ ತಗಡಿನ ಶೆಡ್ಡಿನಲ್ಲಿತ್ತು. ಉಳಿದದ್ದೆಲ್ಲ ಒಳಗೆ. ಮಂಚದ ಕೆಳಗೆ ಗೇರ್‌ಬಾಕ್ಸು, ಅಡುಗೆಮನೆಯ ಗೋಡೆಗೆ ಒರಗಿದ ಎರಡು ಬಾಗಿಲು. ಮನೆಯಲ್ಲಿದ್ದ ಎರಡು ಖುರ್ಚಿಗಳಲ್ಲಿ ಒಂದರ ಮೇಲೆ ಕಾರ್ಬ್ಯುರೇಟರು, ಇನ್ನೊಂದರ ಮೇಲೆ ಬಣ್ಣ ಒಣಗಲು ಇಟ್ಟ ಬಾನೆಟ್ಟು. ಅವಳು ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಒಂದು ದಿನ ಮೊರ ಕೆಳಗಿಟ್ಟು, "ಈ ಮನ್ಯಾಗ ನನಗ ಕೂಡಾಕ ಜಾಗ ಎಲ್ಲೆ ಅದ, ಹೇಳ್ರಿ" ಅಂದಳು.

"ಇನ್ನ ಎರಡ ತಿಂಗಳು, ಮುಗೀತದ" ಅಂದೆ. ತಲೆ ಎತ್ತಲಿಲ್ಲ. ಕೈಯಲ್ಲಿ ಏನೋ ಒಂದು ಸಣ್ಣ ಸ್ಪ್ರಿಂಗು ಇತ್ತು, ಬಿಟ್ಟರೆ ಹಾರಿಹೋಗುವಂಥದ್ದು.

ಆ ವರ್ಷವೇ ಅವಳಿಗೆ ತವರೂರು ಬಿಜಾಪುರದಲ್ಲಿ ಸಾಲಿಯ ಮಾಸ್ತರಿಕೆ ಸಿಕ್ಕಿತು. ಹೋದಳು. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಜಗಳವೇನೂ ಆಗಲಿಲ್ಲ. ಜಗಳ ಆಡುವುದಕ್ಕಾದರೂ ಇಬ್ಬರು ಎದುರುಬದುರು ಕೂರಬೇಕಲ್ಲ. ಸೂಟಿ ಸಿಕ್ಕಾಗ ಬರುತ್ತೇನೆ ಅಂದಿದ್ದಳು. ಮೊದಲನೆಯ ಸೂಟಿಗೆ ಬರಲಿಲ್ಲ, ಎರಡನೆಯದಕ್ಕೂ ಬರಲಿಲ್ಲ. ನಾನೂ ಹೋಗಲಿಲ್ಲ. ಬರಿಗೈಯಲ್ಲಿ ಹೇಗೆ ಹೋಗುವುದು? ಕಾರು ಮುಗಿಸಿ, ಕಾಗದಪತ್ರ ಸರಿಮಾಡಿಸಿ, ಅದರಲ್ಲೇ ಹೋಗಿ ಕರೆದುಕೊಂಡು ಬರುತ್ತೇನೆ ಅಂತ ಹಟ ಹಿಡಿದೆ. ಮನೆಗೆ ಅವಳು ತಿರುಗಿ ಬರಬೇಕಾದರೆ ಇದೊಂದೇ ದಾರಿ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಹೀಗೆ ಮತ್ತೆ ಮೂರು ವರ್ಷ.

ಆ ಮೂರು ವರ್ಷದಲ್ಲಿ ನನ್ನನ್ನು ದಿನಾ ಮಾತಾಡಿಸುತ್ತಿದ್ದವರು ಮನೆಯ ಒಡತಿ ಒಬ್ಬರೇ. ಮಾಳಿಗೆಯ ಮೇಲಿದ್ದ ಮರಾಠಿ ಅಜ್ಜಿ. ಬೆಳಿಗ್ಗೆ ತುಳಸಿಗೆ ನೀರು ಹಾಕುತ್ತ ಮೇಲಿನಿಂದಲೇ ಕೂಗುತ್ತಿದ್ದರು, "ಕಾಯ್ ರೇ, ಝಾಲೀ ಕಾ ಗಾಡಿ?" ಗಾಡಿ ಆಯಿತೇನೋ ಅಂತ. "ಹೋಯೀಲ್ ಆಜೀ" ಅನ್ನುತ್ತಿದ್ದೆ, ಆಗುತ್ತದೆ ಅಂತ. ದಿನದ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಕೆಲವು ರವಿವಾರ ಬೋಲ್ಟುಗಳ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದೆ. "ಬಾರಪ್ಪಾ, ಇನ್ನೊಂದ ಸುತ್ತು ಬಾ" ಅಂತ. ನನ್ನ ದನಿ ನನಗೇ ಕೇಳಿ ಸುಮ್ಮನಾಗುತ್ತಿದ್ದೆ.

ಬಲಗಡೆಯ ಸೀಟನ್ನು ಬೇಗ ಕೂಡಿಸಿದ್ದೆ. ಸ್ಟೇರಿಂಗು, ಪೆಡಲು ಎಲ್ಲ ನನ್ನ ಕೈಕಾಲಿನ ಅಳತೆಗೆ ಸರಿಯಾಗಿ ಹೊಂದಬೇಕಿತ್ತು. ಎಡಗಡೆಯದು ಮನೆಯೊಳಗೇ ಉಳಿಯಿತು. ಖುರ್ಚಿಗಳಿಗೆ ಬೇರೆ ಕೆಲಸ ಇತ್ತಲ್ಲ, ಹಾಗಾಗಿ ಈ ಸೀಟನ್ನು ನೆಲದ ಮೇಲಿಟ್ಟುಕೊಂಡು ಕೂರತೊಡಗಿದೆ. ಅದರ ಮೇಲೆ ಕೂತು ಊಟ, ಅದರ ಮೇಲೆ ಕೂತು ಪೇಪರು, ಅದರ ಮೇಲೆ ಕೂತು ಬಿಜಾಪುರದ ಕಾರ್ಡಿನ ದಾರಿ ಕಾಯುವುದು. ಕಾರ್ಡು ತಿಂಗಳಿಗೊಂದು ಬರುತ್ತಿತ್ತು. ಅದರಲ್ಲಿ ಆರೋಗ್ಯದ ವಿಷಯ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಅಂತೂ ಗಾಡಿ ಮುಗಿಯಿತು. ಹಳೆಯ ಕಾರಿನ ಆರ್‌ಸಿ ಪುಸ್ತಕ ನನ್ನ ಹೆಸರಿಗೆ ಆಗಿತ್ತು. ಅದರಲ್ಲಿ ಮೈ ಬದಲಾಗಿದೆ ಅಂತ ಆರ್‌ಟಿಒದವರು ನೋಡಿ ಬರೆದರೆ ಮಾತ್ರ ರಸ್ತೆಗೆ ಇಳಿಸಬಹುದು. ಮೊದಲು ಅರ್ಜಿ, ಜೊತೆಗೆ ಮೂರು ಪ್ರತಿ ನಕ್ಷೆ, ಕಾಟಾದಲ್ಲಿ ತೂಗಿಸಿದ ಚೀಟಿ. ಚಾಸಿಯ ಮೇಲೆ ಕೊರೆದ ನಂಬರಿಗೆ ತೆಳು ಕಾಗದ ಒತ್ತಿ, ಮೇಲೆ ಪೆನ್ಸಿಲ್ ಉಜ್ಜಿ, ಮೂಡಿದ ನಂಬರನ್ನೂ ಅಂಟಿಸಬೇಕು. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ. ನನ್ನ ನಕ್ಷೆಗಳಲ್ಲಿ ಹಾರ್ನಿನ ವೈರು ಕೂಡ ತಪ್ಪಿರಲಿಲ್ಲ. ಗಾಡಿಯನ್ನು ಒಂದು ಟೆಂಪೋದ ಹಿಂದೆ ಹಗ್ಗ ಕಟ್ಟಿ ಎಳೆಸಿಕೊಂಡು ಹೋದೆ.

ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಮೊದಲು ಮರಾಠಿಯಲ್ಲೇ ಮಾತಾಡಿದರು. ಅರ್ಜಿಯಲ್ಲಿ ಕಾಯಂ ವಿಳಾಸದ ಜಾಗದಲ್ಲಿ ಬಿಜಾಪುರ ಜಿಲ್ಲೆ ಅಂತ ಓದಿ ಮುಖ ಅರಳಿತು. "ನಮ್ಮ ಕಡೆಯವರ ಏನ್ರೀ ನೀವು? ನಂದು ಅಕ್ಕಲಕೋಟ ಬಾಜೂಕ ರೀ" ಅಂದರು. ಲೈಟು ಹಾಕಿಸಿದರು, ಹಾರ್ನು ಹೊಡೆಸಿದರು, ಕೆಳಗೆ ಬಗ್ಗಿ ನಂಬರು ತಾಳೆ ನೋಡಿದರು. ಕೊನೆಗೆ ಎಡಗಡೆಯ ಬಾಗಿಲು ತೆರೆದರು. ಅಲ್ಲಿ ನನ್ನ ಪಾನಾ, ಸ್ಕ್ರೂಡ್ರೈವರುಗಳ ಪೆಟ್ಟಿಗೆ ಇತ್ತು.

"ಎರಡ ಸೀಟು ಅಂತ ಬರದೀರಿ. ಇನ್ನೊಂದ ಎಲ್ಲೆ ಅದ?"

"ಮನ್ಯಾಗ ಅದರಿ ಸಾಹೇಬ್ರ."

"ಮನ್ಯಾಗ ಏನ್ ಮಾಡ್ತದ ಅದು?"

"ಕೂಡಾಕ ಇಟ್ಕೊಂಡೀನ್ರಿ."

ಅವರು ಜೋರಾಗಿ ನಕ್ಕರು. "ಮತ್ತ ನಾ ಎಲ್ಲೆ ಕೂಡ್ಲಿ? ನಿಮ್ಮ ಬಾಜೂಕ ಕೂತು ಬ್ರೇಕ್ ನೋಡಬೇಕಲ್ರಿ ನಾ!"

ನಾನು ನಗಲಿಲ್ಲ. ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದವಳು ಕಣ್ಣ ಮುಂದೆ ಬಂದಳು. ಹೆಂಡತಿಯನ್ನು ಬಾಜೂಕ್ಕೆ ಕೂಡಿಸಿಕೊಳ್ಳಲೆಂದು ಐದು ವರ್ಷ ಕಟ್ಟಿದ ಗಾಡಿಯಲ್ಲಿ ಅವಳಿಗೆ ಸೀಟೇ ಇರಲಿಲ್ಲ. ಇದನ್ನು ನನಗೆ ಸರಕಾರಿ ನೌಕರರೊಬ್ಬರು ತೋರಿಸಿಕೊಡಬೇಕಾಯಿತು. ಯಾಕೆ ಕೂಡಿಸಿರಲಿಲ್ಲ ಅಂದರೆ ಹೇಳಲು ಈಗಲೂ ನಾಚಿಕೆ. ಅದನ್ನು ಗಾಡಿಗೆ ಹಾಕಿದರೆ ಊಟಕ್ಕೆ ಎಲ್ಲಿ ಕೂರುವುದು ಅನ್ನುವ ಯೋಚನೆ, ಅಷ್ಟೇ.

ಎಂಟು ದಿನ ಬಿಟ್ಟು ಸೀಟು ಕೂಡಿಸಿಕೊಂಡು ಹೋದೆ. ಸಾಹೇಬರು ಬಾಜೂಕ್ಕೆ ಕೂತರು. ಆ ಗಾಡಿಯಲ್ಲಿ ನನ್ನ ಪಕ್ಕ ಕೂತ ಮೊದಲ ಮನುಷ್ಯ. ಮೈದಾನದಲ್ಲಿ ಎರಡು ಸುತ್ತು ಹೊಡೆದು, ಬ್ರೇಕು ಒತ್ತಿಸಿ ನೋಡಿ, "ಛಲೋ ಕಟ್ಟೀರಿ. ಯಾರ್ನ ಕೂಡಿಸ್ಕೊಂಡ ತಿರಗಾವ್ರು?" ಅಂತ ಕೇಳಿದರು.

"ಹೆಂಡ್ತೀನ ರೀ" ಅಂದೆ. ಅವರು ಪುಸ್ತಕದಲ್ಲಿ ಬರೆದು ಸಹಿ ಹಾಕಿದರು.

ಮುಂದಿನ ಶನಿವಾರ ನಸುಕಿನಲ್ಲೇ ಹೊರಟು ಸೊಲ್ಲಾಪುರದ ಮೇಲೆ ಬಿಜಾಪುರ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಅವಳು ಸಾಲಿಯ ಹತ್ತಿರವೇ ಒಂದು ಕೋಣೆ ಹಿಡಿದಿದ್ದಳು. ಹೊರಗೆ ಬಂದು ಗಾಡಿಯ ಸುತ್ತ ಒಂದು ಸಲ ನಡೆದಳು. ಕೂದಲಲ್ಲಿ ಅಲ್ಲಲ್ಲಿ ಬಿಳಿ ಕಂಡಿತು. ನಾನು ಬಾಗಿಲು ತೆರೆದೆ. ಕೂತಳು. ಕೂತು ಅತ್ತಿತ್ತ ಸರಿದಾಡಿದಳು.

"ಇದರ ಮ್ಯಾಲ ಯಾರ ಕೂಡ್ತಿದ್ರು? ತಗ್ಗ ಬಿದ್ದದಲ್ರಿ."

"ನಾನ. ಊಟಕ್ಕ ಕೂಡ್ತಿದ್ದೆ."

"ಎಷ್ಟ ದಿನಾ?"

"ನೀ ಹೋದಾಗಿಂದ."

ಗೋಳಗುಮ್ಮಟದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆವು. ಅವಳದು ಕುಳ್ಳ ಮೈ. ತಿರುವು ಬಂದಾಗಲೆಲ್ಲ ಜಾರುತ್ತಿದ್ದಳು, ಎರಡೂ ಕೈಯಿಂದ ಸೀಟಿನ ಅಂಚು ಹಿಡಿದುಕೊಂಡಿದ್ದಳು. "ಹಿಡಕೊಳ್ಳಾಕ ಏನೂ ಇಲ್ಲಲ್ರಿ" ಅಂದಳು. ಆ ಸುತ್ತಿನಲ್ಲಿ ಆಡಿದ್ದು ಅದೊಂದೇ ಮಾತು. ಕೋಣೆಯ ಮುಂದೆ ಗಾಡಿ ನಿಲ್ಲಿಸಿ ಕೇಳಿದೆ, "ಬರ್ತೀ ಏನು?"

ಅವಳು ಹೇಳಿದಳು, "ಸಾಲ್ಯಾಗ ನನಗ ಒಂದ ಖುರ್ಚಿ ಅದರಿ. ನಾ ಬರೂತನಕಾ ಅದರ ಮ್ಯಾಲ ಯಾರೂ ಏನೂ ಇಡೂದಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ವಾದ ಮಾಡಬಹುದಿತ್ತು. ಸಮಾಧಾನದಿಂದ ಹೇಳಿದಳು. ರೊಟ್ಟಿ, ಝುಣಕ ಮಾಡಿ ಹಾಕಿದಳು. ಮರುದಿನ ದಾರಿಗೆ ಬುತ್ತಿಯನ್ನೂ ಕಟ್ಟಿಕೊಟ್ಟಳು. ಪಕ್ಕದ ಸೀಟಿನ ಮೇಲೆ ಬುತ್ತಿ ಇಟ್ಟುಕೊಂಡು ಒಬ್ಬನೇ ಬಂದೆ. ಇಂದಾಪುರದ ಹತ್ತಿರ ಗಾಡಿ ನಿಲ್ಲಿಸಿ ಅತ್ತೆ. ಚಾವಣಿಯಿಲ್ಲದ ಗಾಡಿಯಲ್ಲಿ ಅಳುವುದು ಸುಲಭವಲ್ಲ, ಹೋಗುವ ಲಾರಿಯವರೆಲ್ಲ ಮೇಲಿನಿಂದ ಬಗ್ಗಿ ನೋಡುತ್ತಾರೆ.

ಮನೆಗೆ ಬಂದರೆ ಕೂರಲು ಏನೂ ಇರಲಿಲ್ಲ. ಖುರ್ಚಿಗಳಿದ್ದವು, ಆದರೆ ಅವುಗಳ ಮೇಲೆ ಗಾಡಿ ಕಟ್ಟಿ ಉಳಿದ ಸಾಮಾನು ತೆಗೆಯುವ ಮನಸ್ಸಾಗಲಿಲ್ಲ. ಬೆಳಿಗ್ಗೆ ಅವಲಕ್ಕಿಯ ತಾಟು ಹಿಡಿದು ಹಿತ್ತಿಲಿಗೆ ಹೋದೆ. ಬಲಗಡೆ ಕೂತರೆ ಸ್ಟೇರಿಂಗು ತಾಟಿಗೆ ಬಡಿಯುತ್ತದೆ. ಹಾಗಾಗಿ ಎಡಗಡೆ ಕೂತೆ. ಗಾಡಿ ಆದ ಮೇಲೆ ಆ ಕಡೆಯಿಂದ ಅದನ್ನು ನೋಡಿದ್ದು ಅದೇ ಮೊದಲು. ಮೀಟರುಗಳೆಲ್ಲ ಆಚೆ ಕಡೆ ಮುಖ ಮಾಡಿಕೊಂಡಿದ್ದವು. ನಾನೇ ನನ್ನ ಕಣ್ಣಿಗೆ ಸರಿಯಾಗಿ ಅವನ್ನು ಓರೆ ಮಾಡಿದ್ದೆ. ಕನ್ನಡಿ ಆಚೆಗೆ, ಸ್ವಿಚ್ಚು ಆಚೆಗೆ. ಈ ಕಡೆ ಬೋಳು ಫೈಬರು. ಕೈಯಿಡಲು ಒಂದು ಮೊಳೆ ಕೂಡ ಇರಲಿಲ್ಲ.

ಅವತ್ತು ಕಾರ್ಖಾನೆಗೆ ರಜೆ ಹಾಕಿ ಬಾಗಿಲ ಒಳಬದಿಗೆ ಒಂದು ಹಿಡಿಕೆ ಕೂಡಿಸಿದೆ. ಸ್ಟೀಲಿನದು, ಮೇಲೆ ರಬ್ಬರು ಸುತ್ತಿದ್ದು. ಅವಳಿಗೆ ಕಾರ್ಡು ಬರೆದೆ, ಹಿಡಿಕೆ ಹಚ್ಚಿದ್ದೇನೆ ಅಂತ. ಆ ವಾರವೇ ಉತ್ತರ ಬಂತು. ಆರೋಗ್ಯದ ಮಾತು ಇರಲಿಲ್ಲ. "ಹಿಡಿಕೆ ಹಚ್ಚಿದ್ದು ತಿಳಿಯಿತು. ಯಾರ ಕೈಯ ಅಳತೆಗೆ ಹಚ್ಚಿದಿರಿ?"

ಕಾರ್ಡು ಹಿಡಿದುಕೊಂಡೇ ಹೋಗಿ ಆ ಸೀಟಿನ ಮೇಲೆ ಕೂತೆ. ಕೈ ಚಾಚಿದೆ. ಹಿಡಿಕೆ ನನ್ನ ಅಂಗೈಗೆ ಸರಿಯಾಗಿ ಬಂದು ಕೂತಿತು. ಮತ್ತೆ ಅದನ್ನೇ ಮಾಡಿದ್ದೆ. ಅವಳ ಕೈ ಎಷ್ಟುದ್ದ ಅಂತ ನೆನೆಯಲು ನೋಡಿದೆ, ನೆನಪಾಗಲಿಲ್ಲ. ಅವಳ ಬಳೆಯ ಅಳತೆ ಎರಡು-ನಾಲ್ಕೋ ಎರಡು-ಆರೋ ಅನ್ನುವುದೂ ನನಗೆ ಗೊತ್ತಿರಲಿಲ್ಲ. ಹಿಡಿಕೆ ಬಿಚ್ಚಿದೆ. ಖುರ್ಚಿಗಳ ಮೇಲಿನ ಸಾಮಾನನ್ನೂ ಇಳಿಸಿದೆ. "ಹಿಡಿಕೆ ಬಿಚ್ಚಿದ್ದೇನೆ. ನೀನು ಬಂದು ಕೂತು ತೋರಿಸಿದ ಜಾಗದಲ್ಲಿ ಹಚ್ಚುತ್ತೇನೆ" ಅಂತ ಬರೆದೆ.

ಎರಡು ತಿಂಗಳು ಉತ್ತರವಿಲ್ಲ. ಬೆಳಿಗ್ಗೆ ಅಜ್ಜಿ ಗಾಡಿಯ ಬಗ್ಗೆ ಕೇಳುವುದನ್ನು ಬಿಟ್ಟಿದ್ದರು. ಗಾಡಿ ಆಗಿತ್ತಲ್ಲ, ಇನ್ನೇನು ಕೇಳುತ್ತಾರೆ? ಆ ದಿನಗಳಷ್ಟು ಮಾತಿಲ್ಲದ ದಿನಗಳು ನನ್ನ ಬಾಳಿನಲ್ಲಿ ಇನ್ನಿಲ್ಲ.

ದೀಪಾವಳಿಯ ಸೂಟಿಗೆ ಅವಳು ಒಂದು ಕೈಚೀಲ ಹಿಡಿದು ಬಂದಳು. ಖುರ್ಚಿಯ ಮೇಲೆ ಕೂತು ಚಹಾ ಕುಡಿದಳು. ಈ ಸಲ ಚಹಾ ನಾನೇ ಮಾಡಿದ್ದೆ. ಆಮೇಲೆ ಹಿತ್ತಿಲಿಗೆ ಹೋಗಿ ಗಾಡಿಯಲ್ಲಿ ಕೂತು, ಕಣ್ಣು ಮುಚ್ಚಿ, ತಿರುವಿನಲ್ಲಿ ಹಿಡಿಯುವ ಹಾಗೆ ಕೈ ಚಾಚಿ ಬಾಗಿಲಿಗೆ ಒತ್ತಿದಳು. "ಇಲ್ಲೆ" ಅಂದಳು. ಅವಳ ಬೆರಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದೆ. ನಾನು ಕೊರೆದ ತೂತುಗಳಿಗಿಂತ ಅದು ಒಂದು ಗೇಣು ಹಿಂದಿತ್ತು, ನಾಲ್ಕು ಬೆರಳು ಕೆಳಗಿತ್ತು. ಅವತ್ತೇ ಹಿಡಿಕೆಯನ್ನು ಅಲ್ಲಿ ಹಚ್ಚಿದೆ.

ನಾಲ್ಕು ದಿನ ಇದ್ದಳು. ಐದನೆಯ ದಿನ ಬೆಳಿಗ್ಗೆ ಅದೇ ಗಾಡಿಯಲ್ಲಿ ಸ್ವಾರಗೇಟಿನ ಬಸ್‌ಸ್ಟ್ಯಾಂಡಿಗೆ ಬಿಟ್ಟುಬಂದೆ. ದಾರಿಯುದ್ದಕ್ಕೂ ಬಾಜೂಕ ಬಾಜೂ ಕೂತು ಮಾತಾಡಿದೆವು. ಸಾಲಿಯ ಹುಡುಗರ ಮಾತು, ಅಜ್ಜಿಯ ಮೊಣಕಾಲು ನೋವಿನ ಮಾತು. ಅವಳು ಹಿಡಿಕೆ ಹಿಡಿದ ಕೈ ಬಿಡಲಿಲ್ಲ. ಇಳಿಯುವಾಗ, "ಬ್ಯಾಸಿಗಿ ಸೂಟಿಗೆ ನೋಡೂಣು ರೀ" ಅಂದಳು. ಬಸ್ಸು ಹೋಯಿತು.

ನಾನು ಎಡಗಡೆಗೆ ಬಗ್ಗಿ ಹಿಡಿಕೆಯ ಮೇಲೆ ಎಡಗೈಯಿಟ್ಟೆ. ರಬ್ಬರು ಇನ್ನೂ ಬೆಚ್ಚಗಿತ್ತು. ಹಿಂದಿನ ರಿಕ್ಷಾದವನು ಹಾರ್ನಿನ ಮೇಲೆ ಹಾರ್ನು ಹೊಡೆಯುತ್ತಿದ್ದ, "ಅಹೋ ಕಾಕಾ, ಚಲಾ ನಾ!" ಅಂತ ಕೂಗುತ್ತಿದ್ದ. ಗಾಡಿ ಮುಂದೆ ಹೋಗಬೇಕಾದರೆ ಗೇರು ಹಾಕಬೇಕು. ಗೇರು ಹಾಕುವುದಕ್ಕೂ ನನಗೆ ಆ ಕೈಯೇ ಬೇಕಿತ್ತು.