ಬಿಸಿಲಿಗೆ ತಲೆ ಒದರುವ ಕುದುರೆ

ಕುದುರೆ ಯಾವತ್ತು ತಲೆ ಒದರಲು ಶುರು ಮಾಡಿತು ಎಂದು ಕೇಳಿದರೆ ನನ್ನ ಹತ್ತಿರ ಸರಿಯಾದ ಉತ್ತರವಿಲ್ಲ. ಹೊರಡುವ ದಿನ ಎಂದು ಹೇಳಿಕೊಂಡು ಬಂದಿದ್ದೇನೆ. ಹೇಳಲು ಅದು ಅನುಕೂಲ. ಅದಕ್ಕೂ ಮುಂಚೆ ಒದರಿರಬಹುದು, ನಾವು ನೋಡಿರಲಿಕ್ಕಿಲ್ಲ.

ನಮ್ಮದು ಶಿಕಾರಿಪುರದ ಕಡೆಯ ಕುರಿ ಸಾಕುವ ಮನೆ. ಭತ್ತದ ಕೊಯ್ಲು ಮುಗಿದ ಮೇಲೆ ಸೊರಬದ ಗದ್ದೆಗಳಲ್ಲಿ ಮಂದೆ ನಿಲ್ಲಿಸಲು ಹೋಗುತ್ತೇವೆ. ಕುರಿ ಮಲಗಿದ ಗದ್ದೆಗೆ ಗೊಬ್ಬರ, ನಮಗೆ ಕಾಳು. ಕಂಬಳಿ, ಪಾತ್ರೆ, ನಡೆಯಲಾರದ ಮರಿಗಳು, ಎಲ್ಲ ಒಂದು ಹೆಣ್ಣು ಕುದುರೆಯ ಬೆನ್ನ ಮೇಲೆ. ಅದಿಲ್ಲದಿದ್ದರೆ ಹೊರೆ ಅವ್ವನ ತಲೆಗೆ. ಅವ್ವನ ಕುತ್ತಿಗೆ ಆಗಲೇ ಸೋತಿತ್ತು.

ಹೊರಡುವ ಮುನ್ನ ಕುದುರೆಯ ನೆತ್ತಿಗೆ ನೀರು ಚಿಮುಕಿಸಿ ಕಾಯುವುದು ನಮ್ಮ ಮನೆಯ ಪದ್ಧತಿ. ತಲೆ ಒದರಿದರೆ ದೇವರ ಅಪ್ಪಣೆ. ಆ ಸಲ ನೀರು ಬೀಳುವ ಮೊದಲೇ ಒದರಿತು.

“ಕೇಳಾಕೂ ಮುಂಚೇನ ಹೂಂ ಅಂದೈತಿ ನೋಡು,” ಎಂದು ಅಪ್ಪ ನಕ್ಕ.

ಅಂಬ್ಲಿಗೊಳದ ಕಾಲುವೆ ದಾಟುವಷ್ಟರಲ್ಲಿ ಬಿಸಿಲೇರಿತ್ತು. ಮೂಗಿಗೆ ಜೇನು ಕಚ್ಚಿದಂತೆ ಕುದುರೆ ತಲೆಯನ್ನು ಥಟ್ಟನೆ ಮೇಲಕ್ಕೆ ಎಸೆಯುತ್ತಿತ್ತು. ಸೀನುತ್ತಿತ್ತು. ನಿಂತು ಮುಂಗಾಲಿಗೆ ಮೂತಿ ಉಜ್ಜುತ್ತಿತ್ತು. ದೇವರು ಮೈದುಂಬಿದೆ ಎಂದು ಅಪ್ಪ ಅದರ ಮೂಗಿಗೆ ಭಂಡಾರ ಹಚ್ಚಿದ. ಅರಿಸಿನದ ಪುಡಿ ಹೊಳ್ಳೆಯೊಳಗೆ ಹೋಗಿ ಕುದುರೆ ಇನ್ನಷ್ಟು ಒದರಿತು. ಅಪ್ಪ ಇನ್ನಷ್ಟು ಹಚ್ಚಿದ.

“ದೇವರು ಬಂದ್ರ ಹಿಂಗ ಕಣ್ಣೀರು ಸುರಸ್ತತೇನು?” ಅವ್ವ ಕೇಳಿದಳು.

“ನಿಂಗೇನು ಗೊತ್ತು? ದೇವರ ಜೊತಿ ಬಾಳೇವು ಮಾಡೀಯೇನು?”

“ನಿನ್ನ ಜೊತಿ ಮಾಡೇನಲ್ಲ, ಸಾಕಾತು.”

ಸೊರಬ ತಲುಪುವ ಮುನ್ನ ಕುದುರೆಯ ಬೆನ್ನ ಮೇಲಿನ ಚೀಲದಿಂದ ಒಂದು ಮರಿ ಜಾರಿ ಬಿದ್ದು ಸತ್ತಿತು. ಆಮೇಲೆ ಅಪ್ಪ ಭಂಡಾರ ಮುಟ್ಟಲಿಲ್ಲ. ಪಶುವೈದ್ಯರನ್ನು ಕರೆತಂದ. ಅವರು ಮೊಬೈಲ್ ಬೆಳಕಿನಲ್ಲಿ ಕಿವಿ, ಹಲ್ಲು, ಕಣ್ಣು ನೋಡಿದರು.

“ಕಿವೀಲಿ ಉಣ್ಣೆ ಹುಳ ಇಲ್ಲ, ಹಲ್ಲು ಸರಿ ಇದೆ. ಮುಖದ ನರದ ತೊಂದ್ರೆ ಇರ್ಬೇಕು ಕಣ್ರೀ. ಬಿಸ್ಲು, ಧೂಳು, ಗಾಳಿ, ಯಾವುದು ತಾಗಿದ್ರೂ ಕರೆಂಟ್ ಹೊಡ್ದಂಗಾಗತ್ತೆ. ಮೊದ್ಲು ಆ ಅರಿಸಿನ ತೊಳೀರಿ.”

“ವಾಸಿ ಆಕ್ಕತೇನ್ರೀ?”

“ಪೂರ್ತಿ ವಾಸಿ ಮಾಡೋದು ನನ್ನ ಕೈಲಿಲ್ಲ. ಹೊಳ್ಳೆ ಮೇಲೆ ತೆಳು ಬಲೆ ಕಟ್ಟಿ ನೋಡಿ. ಬಿಸ್ಲಿಗೆ ಬಿಡ್ಬೇಡಿ.”

ದಿನವಿಡೀ ಬಿಸಿಲಲ್ಲೇ ನಡೆಯುವ ಕುರಿಯವರಿಗೆ ಈ ಮಾತು! ಆದರೂ ಅವ್ವ ಸೊಳ್ಳೆಪರದೆ ಕತ್ತರಿಸಿ ಮೂಗಿನ ಮೇಲೆ ಇಳಿಬಿಟ್ಟು ಕಟ್ಟಿದಳು. ಮೋಡದ ದಿನ ಒದರುವುದು ಕಡಿಮೆಯಾಯಿತು. ನಾವು ನಂಬಿದೆವು. ಬಿಸಿಲು ಬಲಿತಂತೆ ಬಲೆಯೂ ಸೋತಿತು. ಬೆನ್ನಿಗೆ ಹೊರೆ ಇಟ್ಟರೆ ಕುದುರೆ ಮಂಡಿಯೂರಿ ಮೂತಿಯನ್ನು ನೆಲಕ್ಕೆ ಉಜ್ಜಿ ರಕ್ತ ಮಾಡಿಕೊಳ್ಳುತ್ತಿತ್ತು.

ಗದ್ದೆಯ ಯಜಮಾನರ ಕತ್ತಲೆ ಕೊಟ್ಟಿಗೆಯಲ್ಲಿ ಮಾತ್ರ ಅದು ಸುಮ್ಮನೆ ನಿಲ್ಲುತ್ತಿತ್ತು. ಅಲ್ಲಿ ಅದಕ್ಕೆ ಯಾವ ರೋಗವೂ ಇರಲಿಲ್ಲ, ಯಾವ ಕೆಲಸವೂ ಇರಲಿಲ್ಲ. “ಇರ್ಲಿ ಬಿಡಿ, ಒಂದು ಬಾಯಿ ಹುಲ್ಲು ತಾನೇ,” ಎಂದರು ಯಜಮಾನರು. ಅಲ್ಲೇ ಬಿಟ್ಟುಹೋಗಲೆಂದು ಅದನ್ನು ಕಟ್ಟುವಾಗ ಅಪ್ಪ ಅತ್ತಿದ್ದ ಎನ್ನುತ್ತಾಳೆ ನಮ್ಮ ಜೊತೆಗಿದ್ದ ಅಕ್ಕ. ನನಗೆ ನೆನಪಿರುವುದು ಹಗ್ಗದ ಗಂಟು ಮಾತ್ರ.

ಬೆಳಿಗ್ಗೆ ಮಂದೆ ಮುಂದಿನ ಊರಿಗೆ ಹೊರಟಿತು. ಹಗ್ಗ ಬಿಚ್ಚಿತೋ, ಹರಿಯಿತೋ, ಕುದುರೆ ಬಾಗಿಲಿಗೆ ಬಂತು. ಬೆಳಕು ತಾಗಿದ್ದೇ ತಲೆ ಎಸೆದು ಬಾಗಿಲ ಚೌಕಟ್ಟಿಗೆ ಬಡಿದುಕೊಂಡಿತು. ಒಳಗೆ ಹೋಯಿತು. ಮತ್ತೆ ಬಂತು.

ಅವ್ವನ ತಲೆಯ ಮೇಲೆ ಹೊರೆ. ತಿರುಗಿ ನೋಡಲು ಅವಳಿಗೆ ಆಗಲಿಲ್ಲ.

“ಬರಾಕತ್ತೈತೇನು?”

“ಒಳಗ ಐತಿ, ನಡಿ,” ಎಂದೆ.

ಚೌಕಟ್ಟಿಗೆ ತಲೆ ಬಡಿಯುವ ಸದ್ದು ಗದ್ದೆಯ ಬದುವಿನುದ್ದಕ್ಕೂ ಹಿಂದೆಯೇ ಬರುತ್ತಿತ್ತು. ಅದು ಅವ್ವನಿಗೂ ಕೇಳಿಸುತ್ತಿತ್ತು.