ಲೋಕೇಶನ ಮೊಣಕಾಲು

ಲೋಕೇಶ, ನಿನ್ನ ಮೊಣಕಾಲು ಸರಿಯಿಲ್ಲ ಎಂದು ಹೇಳಿದವನು ನಾನು. ಯಾವನೋ ಹೊಟ್ಟೆಕಿಚ್ಚಿನವನು ಎಂದು ಇಪ್ಪತ್ತು ವರ್ಷದಿಂದ ಬೈಯುತ್ತಾ ಬಂದಿದ್ದೀಯಲ್ಲ — ಆ ಯಾವನೋ ನಾನೇ, ನಿನ್ನ ಕೋಚ್. ಹೋದ ತಿಂಗಳು ನನ್ನ ಬೀಳ್ಕೊಡುಗೆಯಲ್ಲಿ ನೀನು ಮೈಕ್ ಹಿಡಿದು, "ಅವತ್ತು ನನ್ ಪರ ನಿಂತವ್ರು ಸಾರ್ ಒಬ್ರೇ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆಯ ಮೇಲಿನ ಪೇಟ ಸರಿಮಾಡಿಕೊಂಡು ಕೈ ಮುಗಿದೆ. ಅಷ್ಟು ನಾಚಿಕೆಗೆಟ್ಟವನು ನಾನು.

ನಮ್ಮ ಕಾಲೇಜು ನಿನಗೆ ಗೊತ್ತೇ ಇದೆ. ವಿಜಯನಗರದ ಅಡ್ಡರಸ್ತೆಯಲ್ಲಿ ಮೂರಂತಸ್ತಿನ ಕಟ್ಟಡ, ಹಿಂದೆ ಸಿಮೆಂಟಿನ ಒಂದು ಬ್ಯಾಸ್ಕೆಟ್‌ಬಾಲ್ ಕೋರ್ಟ್. ಬೆಳಗ್ಗೆಯಿಂದ ಅದು ಲೆಕ್ಚರರ್‌ಗಳ ಸ್ಕೂಟರ್ ಸ್ಟ್ಯಾಂಡ್. ನಾಲ್ಕು ಗಂಟೆಗೆ ನೀವೆಲ್ಲ ಸ್ಕೂಟರ್‌ಗಳನ್ನು ಒಂದೊಂದಾಗಿ ಗೋಡೆಗೆ ತಳ್ಳಿ, ಆಯಿಲ್ ಸೋರಿದ ಕಡೆ ಮಣ್ಣು ಹಾಕಿ ಗುಡಿಸಿ ಆಟ ಶುರು ಮಾಡುತ್ತಿದ್ದಿರಿ. ಪ್ರಿನ್ಸಿಪಾಲರಿಗೆ ನನ್ನ ನೆನಪಾಗುತ್ತಿದ್ದದ್ದು ಸ್ವಾತಂತ್ರ್ಯ ದಿನದ ಬಾವುಟಕ್ಕೆ ಹಗ್ಗ ಕಟ್ಟಬೇಕಾದಾಗ ಮಾತ್ರ. ಅಂಥ ಕಡೆಗೆ ನೀನು ಬಂದೆ — ಹೊಸಹಳ್ಳಿಯ ಹುಡುಗ, ಅಪ್ಪ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್. ಅಷ್ಟೇನೂ ಎತ್ತರವಿರಲಿಲ್ಲ, ಆದರೂ ಮೊದಲ ದಿನವೇ ನೆಗೆದು ರಿಂಗ್ ಹಿಡಿದು ನೇತಾಡಿದೆ. ಈ ಹುಡುಗನಿಂದ ನಾನು ಒಂದು ಕಪ್ ಗೆಲ್ಲುತ್ತೇನೆ ಎಂದುಕೊಂಡೆ. ನಾನು! ನೀನು ಏನಾಗಬಹುದು ಎಂಬ ಯೋಚನೆ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ.

ನೀನು ಎರಡನೇ ವರ್ಷದಲ್ಲಿದ್ದಾಗ ಯೂನಿವರ್ಸಿಟಿ ತಂಡದ ಟ್ರಯಲ್ಸ್ ನಡೆಯಿತು. ಆಯ್ಕೆ ಸಮಿತಿಯಲ್ಲಿ ನಾವು ಐದು ಜನ, ಎಲ್ಲರೂ ಒಂದೊಂದು ಕಾಲೇಜಿನ ಕೋಚ್‌ಗಳು. ಆ ಕೋಣೆಯೊಳಗಿನ ಪದ್ಧತಿ ಹೊರಗಿನವರಿಗೆ ಗೊತ್ತಿಲ್ಲ. ಹುಡುಗನ ಹೆಸರು ಓದಿದ ಕೂಡಲೇ ಎಲ್ಲರೂ ಅವನ ಸ್ವಂತ ಕೋಚ್ ಕಡೆ ತಿರುಗುತ್ತಾರೆ. ಅವನು ಹೊಗಳಿದರೆ ಅರ್ಧ ನಂಬುತ್ತಾರೆ. ಬೇಡ ಎಂದರೆ ಮಾತ್ರ ಮರುಮಾತಿಲ್ಲದೆ ಒಪ್ಪುತ್ತಾರೆ. ತನ್ನ ಹುಡುಗನ ಮೇಲೆ ತಾನೇ ಸುಳ್ಳು ಹೇಳಿದರೆ ಅವನಿಗೇನು ಲಾಭ?

ನನಗೆ ಲಾಭವಿತ್ತು. ಯೂನಿವರ್ಸಿಟಿ ಕ್ಯಾಂಪಿಗೆ ಹೋದ ನಮ್ಮ ಹುಡುಗರು ನಮ್ಮವರಾಗಿ ಉಳಿಯುತ್ತಿರಲಿಲ್ಲ. ದೊಡ್ಡ ಕಾಲೇಜಿನವರು ಅಲ್ಲೇ ಹೆಗಲ ಮೇಲೆ ಕೈ ಹಾಕಿ, ಹಾಸ್ಟೆಲ್ಲು, ಮರದ ನೆಲದ ಕೋರ್ಟು, ಫ್ರೀ ಸೀಟು ಎಂದು... ಮರುವರ್ಷ ಹುಡುಗ ಟಿ.ಸಿ. ಕೇಳಿಕೊಂಡು ಬರುತ್ತಿದ್ದ. ಹಾಗೆ ಇಬ್ಬರನ್ನು ಕಳೆದುಕೊಂಡಿದ್ದೆ. ನಿನ್ನನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ನಿನ್ನ ಹೆಸರು ಓದಿದರು. ಸಮಿತಿಯ ಹಿರಿಯ ಕೋಚ್ ನನ್ನ ಕಡೆ ತಿರುಗಿ, "ಹೇಳಿ ಸಾರ್, ನಿಮ್ ಹುಡುಗ ಒಳ್ಳೇ ಜಂಪ್ ಮಾಡ್ತಾನಲ್ಲ?" ಎಂದರು.

"ಜಂಪ್ ಏನೋ ಮಾಡ್ತಾನೆ ಸಾರ್," ಎಂದೆ. "ಆದ್ರೆ ಮೊಣಕಾಲು ಸರಿಯಿಲ್ಲ. ಕ್ಯಾಂಪ್ ತಡ್ಕೊಳಲ್ಲ."

ಅಷ್ಟೇ. ಅವರು ನಿನ್ನ ಹೆಸರಿನ ಮೇಲೆ ಗೆರೆ ಎಳೆದು, ವಡೆಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. ನಾನು ತಿಂದೆ.

ಹೊರಗೆ ಮೆಟ್ಟಿಲ ಮೇಲೆ ನೀನು ಕಾದಿದ್ದೆ. "ಈ ಸಲ ಎತ್ತರ ಇರೋರ್ನೇ ತಗೊಂಡ್ರು ಕಣೋ" ಎಂದೆ. ನೀನು ನಂಬಿದೆ. ವಾಪಸ್ ಬರುವಾಗ ಬಸ್ಸಿಗೆ ನುಗ್ಗಿ ನನಗೆ ಸೀಟು ಹಿಡಿದುಕೊಟ್ಟೆ.

ನಿನ್ನನ್ನು ಉಳಿಸಿಕೊಂಡು ನಾನು ಕಿಸಿದದ್ದೇನು? ಮರುವರ್ಷ ಮೊದಲ ಸುತ್ತಿನಲ್ಲೇ ಮಣ್ಣು ಮುಕ್ಕಿದೆವು. ನೀನೊಬ್ಬ ಆಡಿದೆ, ಉಳಿದ ನಾಲ್ವರಿಗೆ ನಾನು ಕಲಿಸಿದ್ದೇ ಅಷ್ಟಕ್ಕಷ್ಟೆ. ಮೂವತ್ತು ವರ್ಷದ ಸರ್ವಿಸ್‌ನಲ್ಲಿ ಒಂದು ಕಪ್ ಇಲ್ಲ. ಹುಡುಗರು ಸಿಗಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಹುಡುಗ ಸಿಕ್ಕಿದ್ದ.

ಇಲ್ಲಿಗೇ ಮುಗಿದಿದ್ದರೆ — ಇಲ್ಲ, ಮುಗಿದಿದ್ದರೂ ದ್ರೋಹ ದ್ರೋಹವೇ. ಆದರೆ ಮುಗಿಯಲಿಲ್ಲ. ಡಿಗ್ರಿಯಾದ ಮೇಲೆ ನೀನು ಕ್ರೀಡಾ ಕೋಟಾದಲ್ಲಿ ಒಂದು ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದೆ. ಅಷ್ಟರಲ್ಲಿ ನಿನ್ನ ಅಪ್ಪನ ಕಾರ್ಖಾನೆ ಮುಚ್ಚಿತ್ತು. ಮನೆಯವರೆಲ್ಲ ಆ ಒಂದು ಕೆಲಸದ ದಾರಿ ನೋಡುತ್ತಿದ್ದರು. ನಮ್ಮ ಬ್ಯಾಸ್ಕೆಟ್‌ಬಾಲ್ ಲೋಕ ಎಷ್ಟು ಚಿಕ್ಕದು — ಎಲ್ಲಿ ಹೋದರೂ ಅವೇ ಹತ್ತು ಮುಖಗಳು. ಆ ಕೆಲಸದ ಟ್ರಯಲ್ಸ್‌ಗೂ ಅದೇ ಹಿರಿಯ ಕೋಚ್ ಬಂದಿದ್ದರು. "ಇವ್ನಾ? ಇವ್ನ್ ಮೊಣಕಾಲು ಹೋಗಿದೆಯಂತೆ" ಎಂದರಂತೆ. ಸಂಜೆ ನೀನು ಏದುಸಿರು ಬಿಡುತ್ತಾ ನನ್ನ ಬಳಿ ಬಂದೆ.

"ಸಾರ್, ಯಾವನೋ ನನ್ ಕಾಲು ಸರಿಯಿಲ್ಲ ಅಂತ ಹಬ್ಬಿಸ್ಬಿಟ್ಟಿದಾನೆ. ನೀವೊಂದ್ ಮಾತು ಹೇಳಿ ಸಾರ್. ನೀವ್ ಹೇಳಿದ್ರೆ ನಂಬ್ತಾರೆ."

ನಂಬುತ್ತಿದ್ದರು. ಒಂದು ಫೋನ್ ಸಾಕಿತ್ತು. ಆದರೆ ಫೋನ್ ಮಾಡಿದರೆ, ಅವತ್ತು ನೀವೇ ಹೇಳಿದಿರಲ್ಲ ಎಂದು ಅವರು ಕೇಳುತ್ತಿದ್ದರು. ಆ ಒಂದು ಪ್ರಶ್ನೆಗೆ ಹೆದರಿ ನಿನ್ನ ಕೆಲಸ ಕೈತಪ್ಪಲು ಬಿಟ್ಟೆ. ನಿನಗೆ ಮಾತ್ರ, "ಹೇಳ್ದೆ ಕಣೋ, ಜಗಳಾನೇ ಆಡ್ದೆ. ಅವ್ರು ಕೇಳ್ಲಿಲ್ಲ" ಎಂದೆ. ಅಂದಿನಿಂದ ನಾನು ನಿನ್ನ ಪರ ನಿಂತವನಾದೆ.

ಇನ್ನೂ ಒಂದಿದೆ. ಇದನ್ನು ಬಿಟ್ಟರೆ ಬರೆದದ್ದೆಲ್ಲ ದಂಡ. ಕೆಲವು ತಿಂಗಳಾದ ಮೇಲೆ ನೀನು ಮೆಲ್ಲಗೆ, "ಇರ್ಬೋದೇನೋ ಸಾರ್, ಮೆಟ್ಲು ಹತ್ತುವಾಗ ಒಂಥರಾ ಆಗುತ್ತೆ" ಎಂದೆ. ಹತ್ತು ಜನ ಹೇಳಿ ಹೇಳಿ, ಇಲ್ಲದ ನೋವು ನಿನ್ನ ಕಾಲಿಗೆ ಬಂದಿತ್ತು. ಆಗಲಾದರೂ ಬಾಯಿ ಬಿಡಬೇಕಿತ್ತು. ನಾನು ಮಾಡಿದ್ದೇನು ಗೊತ್ತೇ? ಕಾಲೇಜಿನ ಸ್ಟೋರ್ ರೂಮಿನಿಂದ ಒಂದು ಎಲಾಸ್ಟಿಕ್ ನೀಕ್ಯಾಪ್ ಪಟ್ಟಿ ತಂದು, ನನ್ನ ಕೈಯಾರೆ ನಿನ್ನ ಮೊಣಕಾಲಿಗೆ ಏರಿಸಿದೆ. ಜೋಪಾನ, ಜಾಸ್ತಿ ನೆಗೆಯಬೇಡ ಎಂದೆ. ನನ್ನ ಸುಳ್ಳು ನಿಜವಾಗಿಬಿಟ್ಟರೆ ನಾನು ಸುಳ್ಳುಗಾರನಾಗಿ ಉಳಿಯುವುದಿಲ್ಲವಲ್ಲ — ಅಂಥ ಆಸೆ ನನಗೆ ಇತ್ತು. ಇತ್ತು ಲೋಕೇಶ, ಮುಚ್ಚುಮರೆ ಏಕೆ.

ಈಗ ನೀನು ಬಸವೇಶ್ವರನಗರದ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸುತ್ತೀಯ. ಭಾನುವಾರ ಬೆಳಗ್ಗೆ ಹಳೆಯ ಹುಡುಗರು ಕಾಲೇಜಿನ ಕೋರ್ಟಿನಲ್ಲಿ ಸೇರುತ್ತಾರೆ. ಹೊಟ್ಟೆ ಬಂದವರೂ, ಬೈಪಾಸ್ ಆದವನೂ ಓಡುತ್ತಾರೆ. ನೀನು ಕುರ್ಚಿಯಲ್ಲಿ ಕೂತು ಸ್ಕೋರ್ ಬರೆಯುತ್ತೀಯ. "ಬಾರೋ ಮಗಾ, ಐದೇ ನಿಮಿಷ" ಎಂದು ಕರೆದರೆ ಮೊಣಕಾಲು ತಟ್ಟಿ ತೋರಿಸಿ ನಗುತ್ತೀಯ. ನಾನು ಪಕ್ಕದಲ್ಲೇ ಕೂತು, ನೀನು ಮನೆಯಿಂದ ತಂದ ಕಾಫಿ ಕುಡಿಯುತ್ತಾ ಆ ನಗುವನ್ನು ಎಷ್ಟೋ ಭಾನುವಾರ ನೋಡಿದ್ದೇನೆ.

ಈಗಿನ ನೋವಿನ ವಿಷಯ ನನಗೆ ಗೊತ್ತಿಲ್ಲ. ಅವತ್ತು ನಿನ್ನ ಕಾಲಿಗೆ ಏನೂ ಆಗಿರಲಿಲ್ಲ. ಬರುವ ಭಾನುವಾರ ಕೋರ್ಟಿಗೆ ಬಂದು, ನಿನ್ನ ಭಾಷಣಕ್ಕೆ ಚಪ್ಪಾಳೆ ತಟ್ಟಿದವರ ಮುಂದೆಯೇ ಇದಿಷ್ಟನ್ನೂ ಹೇಳುತ್ತೇನೆ. ಮೊದಲು ನಿನಗೆ ಗೊತ್ತಾಗಲಿ ಎಂದು ಈ ಕಾಗದ. ನಿನ್ನ ಹೆಂಡತಿಗೂ ಓದಿ ಹೇಳು. ನೀನು ಬೈಯದಿದ್ದರೆ ಆಕೆಯಾದರೂ ಬೈಯಲಿ.

ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ನೀನು, "ಹೋಗ್ಲಿ ಬಿಡಿ ಸಾರ್" ಎಂದುಬಿಡುತ್ತೀಯ. ನಿನ್ನ ಆ ಗುಣ ಗೊತ್ತಿದ್ದೇ ನಾನು ಅವತ್ತು ನಿನ್ನ ಹೆಸರು ಹೊಡೆದುಹಾಕಿಸಿದ್ದು.